ಒಳಕಲ್ಲಿನ ನೀರು

ಅಪ್ಪ ಶನಿವಾರದ ದಿನ ಅಂಗಡಿ ಮುಚ್ಚಿದ್ದು ನನಗೆ ತಿಳಿದ ಮಟ್ಟಿಗೆ ಎರಡೇ ಸಲ. ಮೊದಲನೆಯದು ಅಮ್ಮ ತೀರಿಕೊಂಡಾಗ. ಎರಡನೆಯದು ೧೯೪೫ರ ಜನವರಿಯ ಕೊನೆಯ ಶನಿವಾರ, ನನ್ನನ್ನು ಶಿವಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋದಾಗ. ನನ್ನ ದಿನಚರಿಯಲ್ಲಿ ಆ ಬೆಳಿಗ್ಗೆಯ ಜಾಗದಲ್ಲಿ ಇರುವುದು ಎರಡೇ ಪದ: "ಏನೋ ಇದೆ."

ಅಪ್ಪ ನೆಲಮಂಗಲದ ಪೇಟೆ ಬೀದಿಯಲ್ಲಿ, ನಮ್ಮ ಮನೆಯ ಮುಂಭಾಗದಲ್ಲೇ, ಒಂದು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಮನೆಯಲ್ಲಿ ಇದ್ದವರು ಅಪ್ಪ, ಅಪ್ಪನ ತಾಯಿಯಾದ ನನ್ನಜ್ಜಿ, ನಾನು. ನನಗೆ ಹದಿಮೂರು ವರ್ಷ. ಮಿಡ್ಲ್ ಸ್ಕೂಲಿನ ಕೊನೆಯ ತರಗತಿ, ಮಾರ್ಚಿಯಲ್ಲಿ ಪರೀಕ್ಷೆ. ವರ್ಷದ ಮೊದಲಲ್ಲಿ ನಮ್ಮ ತರಗತಿಯಲ್ಲಿ ಏಳು ಹುಡುಗಿಯರಿದ್ದೆವು. ಸಂಕ್ರಾಂತಿಯ ಹೊತ್ತಿಗೆ ಮೂವರು ಉಳಿದಿದ್ದೆವು. ಹೋದ ನಾಲ್ವರಲ್ಲಿ ಒಬ್ಬಳ ಮನೆಗೆ, ಅವಳಪ್ಪನ ಎರಡನೆಯ ಹೆಂಡತಿಯಾಗಿ, ಚಿಕ್ಕಮ್ಮ ಬಂದು, ಹಸುಗೂಸು ನೋಡಿಕೊಳ್ಳಲು ಅವಳನ್ನು ಶಾಲೆ ಬಿಡಿಸಿದ್ದರು. ಉಳಿದ ಮೂವರದೂ ಒಂದೇ ಕಥೆ. ಮೊದಲು ಯಾವುದೋ ದೇವಸ್ಥಾನಕ್ಕೆ ಹೋಗಿಬಂದರು. ಅಲ್ಲಿ ಯಾರೋ ಪರಿಚಯದವರು ಸಿಕ್ಕಿದ್ದರಂತೆ. ಒಂದೆರಡು ತಿಂಗಳಲ್ಲಿ ಹಾಜರಿ ಕೂಗುವಾಗ ಅವರ ಹೆಸರಿಗೆ ಉತ್ತರವಿರಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ ಮನೆಯಲ್ಲೇ ಆಗಿ, ಆಮೇಲೆ ಒಪ್ಪಿಗೆಯಾಗದೆ ಹೋದರೆ ಬೀದಿಯ ಬಾಯಿ ಮುಚ್ಚಿಸುವುದು ಕಷ್ಟ. ಅದಕ್ಕೆ ನಮ್ಮ ಕಡೆ ಹೀಗೊಂದು ದಾರಿ ಕಂಡುಕೊಂಡಿದ್ದರು. ಎರಡು ಮನೆಯವರು ಊರಿನಿಂದ ದೂರದ ಗುಡಿಯಲ್ಲೋ ಬೆಟ್ಟದಲ್ಲೋ ಆಕಸ್ಮಿಕವಾಗಿ ಸಿಕ್ಕಂತೆ ಸಿಗುವುದು, ಒಟ್ಟಿಗೆ ಕೂತು ಬುತ್ತಿ ಉಣ್ಣುವುದು, ನೋಡಬೇಕಾದ್ದನ್ನು ನೋಡುವುದು. ಒಪ್ಪಿಗೆಯಾದರೆ ದೇವರ ದಯೆ. ಆಗದಿದ್ದರೆ ದರ್ಶನಕ್ಕೆ ಹೋಗಿದ್ದೆವು, ಅಷ್ಟೇ. ಹುಡುಗಿಗೆ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ.

ಹಾಗಾಗಿ ಅಪ್ಪ ರಾತ್ರಿ ಊಟದ ಹೊತ್ತಿನಲ್ಲಿ, "ಶನಿವಾರ ಬೆಟ್ಟ ಹತ್ತೋಣ ಮಗಾ, ಅಲ್ಲೇ ಮಲಗಿದ್ದು ಭಾನುವಾರ ಇಳಿಯೋಣ" ಎಂದಾಗ ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ಯಾಕೆ?" ಎಂದೆ.

"ಯಾಕೆ ಅಂದ್ರೆ? ನೋಡೋಕೆ. ನೀನು ಬೆಟ್ಟದ ತುದಿ ನೋಡಿಲ್ಲವಲ್ಲ."

"ಪರೀಕ್ಷೆ ಆದ್ಮೇಲೆ ಹೋಗೋಣ."

"ಆಮೇಲೆ ಬಿಸ್ಲು ಕಣಮ್ಮ," ಎಂದಳು ಅಜ್ಜಿ. ಕೇಳದೆ ಇದ್ದ ಮಾತಿಗೆ ಇಷ್ಟು ಬೇಗ ಉತ್ತರ ಕೊಡುವುದು ಅಜ್ಜಿಯ ಸ್ವಭಾವವಲ್ಲ. ಅದನ್ನು ಎರಡನೆಯ ಅನುಮಾನವೆಂದು ಬರೆದುಕೊಂಡೆ.

ಮೂರನೆಯದು ಚೀಲ. ಅದು ಯುದ್ಧದ ಕಾಲ. ಅಪ್ಪನ ಕೈಗೆ ಸಿಪಾಯಿಗಳ ಖಾಕಿ ಬಟ್ಟೆಯ ಹೊಲಿಗೆ ಆಗಾಗ ಬರುತ್ತಿತ್ತು. ಉಳಿದ ತುಂಡುಗಳಲ್ಲಿ ಅವನು ಎರಡು ಚೀಲ ಹೊಲಿದಿದ್ದ. ಒಂದು ದೊಡ್ಡದು, ಒಂದು ಚಿಕ್ಕದು. ಸಿಪಾಯಿಗಳಂತೆ ಎರಡೂ ಹೆಗಲಿಗೆ ಪಟ್ಟಿ ಹಾಕಿಕೊಂಡು ಬೆನ್ನ ಮೇಲೆ ಹೊರುವಂಥವು. ನನ್ನದರ ಪಟ್ಟಿ ನನ್ನ ಭುಜಕ್ಕೆ ಒಂದು ಬೆರಳೂ ಹೆಚ್ಚುಕಡಿಮೆಯಿಲ್ಲದೆ ಕೂತಿತ್ತು. ಅಪ್ಪ ನನ್ನ ಅಳತೆಗೆ ಟೇಪು ಹಿಡಿಯುತ್ತಿರಲಿಲ್ಲ. ಚೀಲ ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ಏಕೆ ಹೊಲಿದ ಎಂದು ಯೋಚಿಸಿದೆ.

ಶುಕ್ರವಾರ ಸಂಜೆ ಅಪ್ಪನ ಚೀಲಕ್ಕೆ ರೊಟ್ಟಿ ಗಂಟು ಇಡಲು ಹೋದಾಗ ತಳದಲ್ಲಿ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದೆ. ಹೊಸ ರವಿಕೆ. ಹಸಿರು ಬಟ್ಟೆ, ಕೆಂಪು ಅಂಚು. ರೇಷನ್ ಕಾರ್ಡಿಗೆ ಸಿಗುವ ಬಟ್ಟೆಯನ್ನು ನಾವು ದೀಪಾವಳಿಗೇ ಮುಗಿಸಿದ್ದೆವು. ಮೈಗೆ ಹಿಡಿದು ನೋಡಿಕೊಂಡೆ. ನನಗೆ ಬಹಳ ದೊಡ್ಡದು. ತೋಳು ಮೊಣಕೈ ದಾಟಿ ಇಳಿಯುತ್ತಿತ್ತು. ಬೇರೆ ಯಾವ ಹುಡುಗಿಯಾದರೂ ಇದು ತನ್ನದಲ್ಲ ಎಂದು ಸಮಾಧಾನ ಪಡುತ್ತಿದ್ದಳೇನೋ. ನಾನು ದರ್ಜಿಯ ಮಗಳು. ಮದುವೆ ಹುಡುಗಿಯರ ರವಿಕೆಯನ್ನು ಹೇಗೆ ಹೊಲಿಯುತ್ತಾರೆಂದು ನನಗೆ ಗೊತ್ತಿತ್ತು. ಗಂಡನ ಮನೆಯಲ್ಲಿ ಮೈ ತುಂಬಿಕೊಂಡರೆ ಎರಡು ವರ್ಷ ಬರಲಿ ಎಂದು ಸಡಿಲವಾಗಿಯೇ ಹೊಲಿಯುತ್ತಾರೆ. ಪೊಟ್ಟಣವನ್ನು ಇದ್ದಂತೆಯೇ ಮಡಿಸಿಟ್ಟು, ಹಿತ್ತಿಲಿಗೆ ಹೋಗಿ ನಿಂತೆ. ಅಳಲಿಲ್ಲ. ಪರೀಕ್ಷೆಗೆ ಇನ್ನೆಷ್ಟು ವಾರ ಎಂದು ಎಣಿಸಿದೆ.

ಮರುದಿನ ಅಜ್ಜಿ ತಲೆಗೆ ಎಣ್ಣೆ ಹಚ್ಚಿ ಜಡೆ ಬಿಗಿಯಾಗಿ ಹೆಣೆದಳು. "ಕೇಳಿದ್ದಕ್ಕೆ ಬಾಯಿ ತುಂಬ ಉತ್ರ ಕೊಡು. ಮುಖ ಗಂಟಿಕ್ಕಬ್ಯಾಡ."

"ಯಾರು ಕೇಳ್ತಾರೆ ಅಜ್ಜಿ?"

"ಯಾರಾದ್ರೂ ಕೇಳ್ತಾರೆ. ಬೆಟ್ಟ ಅಂದ್ಮೇಲೆ ಜನ ಇರಲ್ವಾ?"

ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಡಬ್ಬದಂಥ ಒಲೆ. ಅದಕ್ಕೆ ಕ್ಲೀನರ್ ಇದ್ದಿಲು ತುಂಬಿ ಗಾಳಿ ಊದುವ ತಿದಿ ತಿರುಗಿಸಬೇಕು. ಡಾಬಸ್‌ಪೇಟೆಯವರೆಗೆ ಹೋಗುವಷ್ಟರಲ್ಲಿ ಎರಡು ಏರುಗಳಲ್ಲಿ ಎಲ್ಲರೂ ಇಳಿದು ತಳ್ಳಿದೆವು. ಅಲ್ಲಿಂದ ಬೆಟ್ಟದ ಬುಡಕ್ಕೆ ನಡಿಗೆ. ರಾಗಿ ಕೊಯ್ದ ಹೊಲಗಳು, ಬದುಗಳಲ್ಲಿ ಅವರೆ, ಎದುರಿಗೆ ಕಲ್ಲಿನ ಬೆಟ್ಟ. ಅಪ್ಪ ಮುಂದೆ, ನಾನು ಹಿಂದೆ. ಅವನ ಬೆನ್ನ ಮೇಲಿನ ಚೀಲದಲ್ಲಿ ಆ ಪೊಟ್ಟಣವಿದೆ ಎಂಬುದನ್ನು ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ.

ದಾರಿಯಲ್ಲಿ ಅಪ್ಪ ಒಮ್ಮೆ ನಿಂತ. "ಮಗಾ, ನಿಂಗೊಂದು ಮಾತು ಹೇಳ್ಬೇಕು."

"ಹೇಳು."

ಅವನು ನನ್ನ ಮುಖ ನೋಡಿದ, ಆಮೇಲೆ ಕಾಲು ನೋಡಿದ. "ಚಪ್ಲಿ ಕಚ್ತಾ ಇಲ್ಲ ತಾನೇ?"

"ಇಲ್ಲ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಮಗಾ."

"ಕಚ್ತಾ ಇಲ್ಲಪ್ಪ," ಎಂದೆ.

ಅವನು ನಕ್ಕ. ಆದರೆ ಆ ನಗು ಪೂರ್ತಿ ಬರಲಿಲ್ಲ.

ಬೆಟ್ಟದ ಬುಡದಲ್ಲಿ, ಕಲ್ಯಾಣಿಯ ಮೆಟ್ಟಿಲ ಮೇಲೆ, ಅವರು ಕೂತಿದ್ದರು. ನಲವತ್ತರ ಆಸುಪಾಸಿನ ಒಬ್ಬ ದಪ್ಪ ಗಂಡಸು, ಎಲೆಯಡಿಕೆ ತುಂಬಿದ ಬಾಯಿ, ತಲೆಗೆ ಕೆಂಪಂಚಿನ ವಸ್ತ್ರ. ಪಕ್ಕದಲ್ಲಿ ಮೂವತ್ತು ಮುಟ್ಟದ ಒಬ್ಬ ಹೆಂಗಸು. ನಮ್ಮನ್ನು ಕಂಡದ್ದೇ ಆತ ಎದ್ದು ನಿಂತು, ನಾಟಕದ ರಾಜನ ಪಾರ್ಟಿನವನ ಹಾಗೆ ಕೂಗಿದ:

"ಓಹೋಹೋ! ಟೈಲರ್ ಅವ್ರಲ್ವಾ! ಇದೇನ್ರೀ ಇಲ್ಲಿ!"

"ಅರೆ, ನೀವು!" ಎಂದ ಅಪ್ಪ. ಅಪ್ಪನಿಗೆ ನಾಟಕ ಬರುವುದಿಲ್ಲ. ಅವನ ಕಿವಿ ಕೆಂಪಾಗಿತ್ತು.

ಆತ ದೊಡ್ಡಬೆಳವಂಗಲದ ಕಡೆಯ ಬೇಸಾಯಗಾರ, ಅಪ್ಪನ ಗಿರಾಕಿ. ಜೊತೆಗಿದ್ದಾಕೆ ಅವನ ತಂಗಿ. ಆಕಸ್ಮಿಕವಾಗಿ ಬಂದವರ ಬುತ್ತಿ ಬುಟ್ಟಿಯ ಮೇಲೆ ಊಟಕ್ಕೆ ಹಚ್ಚಿದ ಮುತ್ತುಗದ ಎಲೆಗಳಿದ್ದವು. ಎಣಿಸಿದೆ: ನಾಲ್ಕು.

"ಏನಮ್ಮಾ, ನನ್ನನ್ನ ಮಾವ ಅನ್ನು, ನಾಚ್ಕೋಬ್ಯಾಡ," ಎಂದ ಆತ ನನಗೆ. ನಮ್ಮ ತರಗತಿ ಬಿಟ್ಟುಹೋದ ಒಬ್ಬಳು ಮಾವ ಎಂದು ಕರೆಯುತ್ತಿದ್ದವನನ್ನೇ ಮದುವೆಯಾಗಿದ್ದಳು. ಇವನ ಹೆಂಡತಿಯ ಮಾತು ಇಲ್ಲಿಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಆ ಮೀಸೆಯಲ್ಲಿ ಆಗಲೇ ಬಿಳಿ ಕೂದಲಿತ್ತು.

ತಂಗಿಯನ್ನು ನೋಡಿದೆ. ಹಣೆ ಬರಿದು, ಕೈಯಲ್ಲಿ ಬಳೆಯಿಲ್ಲ. ಗಂಡ ಇಲ್ಲದವಳು. ಇಲ್ಲಿ ನನ್ನ ಲೆಕ್ಕ ಸ್ವಲ್ಪ ತಡವರಿಸಿತು. ಹೆಣ್ಣು ನೋಡುವ ಕೆಲಸಕ್ಕೆ ಯಾರೂ ಅಂಥವರನ್ನು ಮುಂದೆ ಬಿಡುವುದಿಲ್ಲ. ಹಾಗಾದರೆ ನಾನು ಎಣಿಸಿದ್ದು ತಪ್ಪೇ? ನಾಲ್ಕು ಹೆಜ್ಜೆ ಹತ್ತುವಷ್ಟರಲ್ಲಿ ಉತ್ತರ ಹೊಳೆಯಿತು. ನನಗೆ ಗೊತ್ತಾಗಬಾರದು ಎಂದೇ ಆಕೆಯನ್ನು ಕರೆತಂದಿದ್ದಾರೆ! ಎಷ್ಟು ಜಾಣರು ಎಂದುಕೊಂಡೆ. ಅಂದಿನ ಎಲ್ಲ ತಪ್ಪುಗಳಲ್ಲಿ ನಾನು ಬಹಳ ಹೆಮ್ಮೆಪಟ್ಟ ತಪ್ಪು ಅದು.

ಹತ್ತುತ್ತಾ ಆತ ಏದುಸಿರು ಬಿಡುತ್ತಿದ್ದ. ಆದರೂ ಪ್ರಶ್ನೆ ನಿಲ್ಲಲಿಲ್ಲ.

"ಅಡುಗೆ ಬರುತ್ತೇನಮ್ಮಾ?"

"ಬರಲ್ಲ."

"ರಾಗಿ ಬೀಸೋಕೆ?"

"ಬರಲ್ಲ."

"ಹಸು ಕರೆಯೋಕೆ?"

"ಹಸು ಕಂಡ್ರೆ ಭಯ."

"ಮತ್ತೇನು ಬರುತ್ತೆ ತಾಯಿ ನಿಂಗೆ?"

"ಬಡ್ಡಿ ಲೆಕ್ಕ."

ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಉಗುಳು ಗಂಟಲಿಗೆ ಸಿಕ್ಕಿ ಕೆಮ್ಮಿದ. "ಟೈಲರ್ ಅವ್ರೇ, ನಿಮ್ಮ ಮಗಳು ಸಾವ್ಕಾರ್ತಿ ಆಗ್ತಾಳೆ ಬಿಡಿ!"

ಅಪ್ಪ ನನ್ನ ಕಡೆ ತಿರುಗಿ ನೋಡಿದ. ನಿತ್ಯ ಅವನಿಗೆ ಬೆಳಗಿನ ರೊಟ್ಟಿ ತಟ್ಟಿಕೊಡುವುದು ನಾನೇ. ಅವನು ಮತ್ತೆ ಮುಂದೆ ತಿರುಗಿ ಮೆಟ್ಟಿಲು ಹತ್ತಿದ. ಆ ಹೆಂಗಸು ಮಾತ್ರ ನಗಲಿಲ್ಲ. ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಹೆಂಚು ತಾಗಿ ಸುಟ್ಟ ಕಲೆ ಹೆಬ್ಬೆರಳ ಪಕ್ಕದಲ್ಲಿತ್ತು. ಕೈಯನ್ನು ಚೀಲದ ಪಟ್ಟಿಯ ಕೆಳಗೆ ತೂರಿಸಿದೆ.

ಹೊತ್ತು ಇಳಿಯುವ ಮುಂಚೆ ಒಳಕಲ್ಲು ತೀರ್ಥಕ್ಕೆ ಬಂದೆವು. ಶಿವಗಂಗೆ ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಕಾಣದವರಿಗೆ: ಬಂಡೆಗಳ ನಡುವಿನ ಕತ್ತಲ ಗುಹೆಯಂಥ ಗುಡಿ, ಅದರ ನೆಲದಲ್ಲಿ ಒರಳಿನ ಬಾಯಿಯಷ್ಟು ಅಗಲದ ಒಂದು ಕುಳಿ. ಬಗ್ಗಿ ತೋಳು ಇಳಿಬಿಟ್ಟರೆ ತಳದಲ್ಲೆಲ್ಲೋ ನೀರಿದೆ. ಕೈಗೆ ನೀರು ತಾಗಿದರೆ ಅಂದುಕೊಂಡದ್ದು ಆಗುತ್ತದೆ, ತಾಗದಿದ್ದರೆ ಇಲ್ಲ. ಪುಣ್ಯವಿದ್ದವರಿಗೆ ಮಾತ್ರ ಸಿಗುತ್ತದೆ ಎಂದು ಜನ ನಂಬುತ್ತಾರೆ. ಸಂಬಂಧ ಕೂಡಿಸುವವರು ಇಲ್ಲಿಗೆ ಬರುವುದೇ ಅದಕ್ಕೆ.

ಮೊದಲು ಆತ ತೋಳು ಬಿಟ್ಟ. "ಸಿಕ್ತು!" ಎಂದು ಕೂಗಿ ಒದ್ದೆ ಕೈಯನ್ನು ಎಲ್ಲರ ಮೇಲೂ ಕೊಡವಿದ. ಅಪ್ಪನಿಗೂ ಸಿಕ್ಕಿತು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಇದಕ್ಕಾಗಿಯೇ ನಾನು ಕಾಯುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಗ್ಗಿದ ಮೇಲೆ ಹೊಳೆದದ್ದು ಅದು. ತೋಳು ಭುಜದವರೆಗೆ ಇಳಿಯಿತು. ಬೆರಳ ತುದಿಗೆ ಥಣ್ಣಗೆ ನೀರು ತಾಗಿತು. ಎರಡು ಗೆಣ್ಣು ಮುಳುಗುವಷ್ಟು. ನನ್ನ ಪರೀಕ್ಷೆ ಆಗಲಿ ಎಂದು ಬೇಡಿಕೊಂಡೆ. ಮುಷ್ಟಿ ಕಟ್ಟಿ ಕೈ ಮೇಲೆಳೆದು, ಎದ್ದೇಳುವ ನೆವದಲ್ಲಿ ಲಂಗದ ನೆರಿಗೆಯೊಳಗೆ ಒರೆಸಿಕೊಂಡೆ.

"ನೀರಿಲ್ಲ," ಎಂದೆ.

"ಇಲ್ವಾ?" ಆತನ ಮುಖದಲ್ಲಿ ನಗು ಆರಿತು. "ಇನ್ನೊಂದ್ಸಲ ನೋಡಮ್ಮಾ."

"ಇಲ್ಲ. ಬರೀ ಕಲ್ಲು."

"ಕೈ ಚಿಕ್ಕದು," ಎಂದ ಅಪ್ಪ ಮೆಲ್ಲಗೆ. "ಎಟುಕಿಲ್ಲ ಅಷ್ಟೇ."

ಕೊನೆಗೆ ಆ ಹೆಂಗಸು ಕೂತಳು. ನನ್ನಷ್ಟು ಬಗ್ಗಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದಿಷ್ಟು ಹೊತ್ತು ಹಾಗೇ ಇದ್ದು, ಕೈ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು, "ಸಿಕ್ತು" ಎಂದಳು. ಹೊರಗೆ ಬರುವಾಗ ನಾನು ಬೇಕೆಂದೇ ಎಡವಿದೆ, ಆಕೆಯ ಬಲಗೈ ಹಿಡಿದೆ. ಕೈ ಪೂರ್ತಿ ಒಣಗಿತ್ತು. ಸೆರಗೂ ಒಣಗಿತ್ತು.

ಆಕೆ ಸುಳ್ಳು ಹೇಳಿದಳು. ಏಕೆ? ಸುಳ್ಳು ಹೇಳುವ ನಾದಿನಿ ಇರುವ ಮನೆ, ಎಂದು ಚೀಲದಿಂದ ದಿನಚರಿ ತೆಗೆದು ಬರೆದುಕೊಂಡೆ. ನನ್ನ ಸುಳ್ಳನ್ನು ಮಾತ್ರ ಬರೆಯಲಿಲ್ಲ.

ರಾತ್ರಿ ಮೇಲಿನ ಒಂದು ಕಲ್ಲುಮಂಟಪದಲ್ಲಿ ಮಲಗಿದೆವು. ಗಾಳಿ ಬಹಳ. ಗಂಡಸರಿಬ್ಬರೂ ದೂರದ ಬಂಡೆಯ ಬುಡದಲ್ಲಿ ಬೆಂಕಿ ಹಾಕಿಕೊಂಡು ಮಾತಾಡುತ್ತಿದ್ದರು. ಆತ ತಲೆ ಅಡ್ಡ ಆಡಿಸುವುದು ಬೆಂಕಿಯ ಬೆಳಕಿನಲ್ಲಿ ಕಂಡಿತು. ನನ್ನ ಉಪಾಯ ಫಲಿಸಿತು ಎಂದುಕೊಂಡೆ. ಆದರೆ ಅಪ್ಪ ತಲೆ ತಗ್ಗಿಸಿ ಕೂತದ್ದು ನೋಡಿ ಅಷ್ಟು ಖುಷಿಯಾಗಲಿಲ್ಲ. ಆ ಹೆಂಗಸು ತನ್ನ ಕಂಬಳಿ ತಂದು ನನ್ನ ಕಂಬಳಿಯ ಮೇಲೆ ಹೊದಿಸಿದಳು. ಲಂಚ ಎಂದು ತೀರ್ಮಾನಿಸಿ ಕಾಲಿನಿಂದ ತಳ್ಳಿದೆ. ಬೆಳಿಗ್ಗೆ ಎದ್ದಾಗ ಅದು ಮತ್ತೆ ನನ್ನ ಮೇಲೆಯೇ ಇತ್ತು.

ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ತುದಿಯಲ್ಲಿದ್ದೆವು. ಕಡಿದಾದ ಮೆಟ್ಟಿಲು, ಹಿಡಿಯಲು ಕಂಬಿ, ಮೇಲೆ ಬಂಡೆಯ ನೆತ್ತಿಯಲ್ಲಿ ಕೂತ ಕಲ್ಲಿನ ಬಸವ. ಕೆಳಗೆ ಮಂಜಿನಲ್ಲಿ ಕೆರೆಗಳು ತುಂಡು ತಗಡಿನಂತೆ ಹೊಳೆಯುತ್ತಿದ್ದವು. ಅದನ್ನು ನೋಡಲೆಂದೇ ಬಂದವರು ನಾವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅಪ್ಪನ ಮೇಲೆ ಸಿಟ್ಟು ಬಂತು.

ಪುರಿ ಕಡಲೆಕಾಯಿ ತಿನ್ನೋಣವೆಂದು ಅಪ್ಪ ಚೀಲ ಬಿಚ್ಚಿ ಬಂಡೆಯ ಮೇಲಿಟ್ಟ. ಶಿವಗಂಗೆಯ ಕೋತಿಗಳಿಗೆ ಕಾಗದದ ಪೊಟ್ಟಣ ಕಂಡರೆ ತಿಂಡಿ ಎಂದೇ ಅರ್ಥ. ಎಲ್ಲಿತ್ತೋ ಒಂದು ಗಡವ, ಬಂದದ್ದೇ ಚೀಲದೊಳಗೆ ಕೈ ಹಾಕಿ, ತಳದಲ್ಲಿದ್ದ ಪೊಟ್ಟಣವನ್ನೇ ಎಳೆದುಕೊಂಡು ಎತ್ತರದ ಬಂಡೆ ಏರಿತು. ಕಾಗದ ಹರಿದು ಎಸೆಯಿತು. ಹಸಿರು ರವಿಕೆ ಗಾಳಿಗೆ ಬಿಚ್ಚಿಕೊಂಡಿತು. ಕೋತಿ ಅದರ ತೋಳನ್ನು ಬಾಯಲ್ಲಿಟ್ಟು ಕಚ್ಚಿ ನೋಡಿತು.

"ಅಯ್ಯಯ್ಯೋ, ನನ್ನ ರವಿಕೆ ಕಣಣ್ಣಾ! ಹರ್ದಾಕ್ಬಿಡ್ತದೆ!"

ಕೂಗಿದ್ದು ಆ ಹೆಂಗಸು. ಕೂಗಿದ ಮೇಲೆ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

ಅಪ್ಪ ತನ್ನ ಚಪ್ಪಲಿ ನೋಡುತ್ತಿದ್ದ. ಆತ ತೆಂಗಿನ ಹೋಳೊಂದನ್ನು ಬೀಸಿ ಎಸೆದ. ಕೋತಿ ರವಿಕೆ ಬಿಟ್ಟು ಅದರ ಹಿಂದೆ ಹಾರಿತು. ರವಿಕೆ ತೇಲಿ ಬಂದು ಬಸವನ ಬೆನ್ನಿಗೆ ಸಿಕ್ಕಿಕೊಂಡಿತು. ಅದನ್ನು ತೆಗೆದವಳು ನಾನು. ಆಕೆಯ ತೋಳಿಗೆ ಕಣ್ಣಲ್ಲೇ ಹಿಡಿದು ನೋಡಿದೆ. ಒಂದು ಬೆರಳೂ ಹೆಚ್ಚುಕಡಿಮೆಯಿರಲಿಲ್ಲ.

"ಇನ್ನೇನ್ ಮುಚ್ಚಿಡೋದು," ಎಂದ ಆತ. "ಹೇಳ್ಬಿಡಿ ಟೈಲರ್ ಅವ್ರೇ."

ಅಪ್ಪ ಹೇಳಿದ. ಹೊಲಿಗೆಗೆ ಬಟ್ಟೆ ಕೊಡುವಾಗ ಜೊತೆಗೆ ಅಳತೆಗೆಂದು ಹಳೆಯ ರವಿಕೆ ಕೊಡುವುದು ವಾಡಿಕೆಯಷ್ಟೆ. ಈ ತಂಗಿಯ ಬಟ್ಟೆ ಅಣ್ಣನ ಕೈಯಲ್ಲಿ ವರ್ಷದಿಂದ ಅಪ್ಪನ ಅಂಗಡಿಗೆ ಬರುತ್ತಿತ್ತಂತೆ. ಹಾಗೇ ಮಾತು ಬೆಳೆದಿತ್ತು. ಈ ಹಸಿರು ಬಟ್ಟೆಯೂ ಅಣ್ಣ ತಂದುಕೊಟ್ಟದ್ದೇ; ಒಪ್ಪಿಗೆಯಾದರೆ ಬೆಟ್ಟದಲ್ಲೇ ಕೊಡೋಣವೆಂದು ಅಪ್ಪ ಹೊಲಿದು ತಂದಿದ್ದ. ಗಂಡ ಸತ್ತ ಹೆಣ್ಣಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ರೂಢಿ ನಮ್ಮಲ್ಲೂ ಇತ್ತು, ಅವರಲ್ಲೂ ಇತ್ತು. ಆದರೆ ಮೊದಲ ಹೆಂಡತಿಯ ಮಗು ಇರುವ ಮನೆ. ಆ ಮಗುವನ್ನು ನೋಡದೆ ಒಪ್ಪುವುದಿಲ್ಲ ಎಂದು ಹೆಣ್ಣಿನ ಕಡೆಯವರು ಹೇಳಿದ್ದರು. ಬೆಟ್ಟಕ್ಕೆ ಬಂದದ್ದು ಅದಕ್ಕೆ. ಆತನಿಗೆ ಹೆಂಡತಿ, ಮೂರು ಮಕ್ಕಳು ಎಲ್ಲ ಇದ್ದರು.

"ದಾರೀಲೇ ಹೇಳೋಣಾಂತ ಎರಡ್ಸಲ ಬಾಯಿ ತೆಗೆದೆ ಮಗಾ," ಎಂದ ಅಪ್ಪ. "ನಿನ್ನ ಮುಖ ನೋಡಿ ಆಗ್ಲಿಲ್ಲ."

"ನಮ್ಗೇನೂ ಅಡ್ಡಿ ಇರ್ಲಿಲ್ಲಮ್ಮ," ಎಂದ ಆತ, ವಸ್ತ್ರ ತೆಗೆದು ತಲೆ ಕೆರೆದುಕೊಳ್ಳುತ್ತಾ. "ಆದ್ರೆ ನಿಂಗೆ ನೀರು ಸಿಗ್ಲಿಲ್ಲವಲ್ಲ. ಮನೆ ಮಗೂಗೇ ಆಗಿಬರ್ದಿದ್ರೆ? ಊರಲ್ಲಿ ನಮ್ಮವ್ವ ಕೇಳ್ತಾಳೆ, ಸುಳ್ಳು ಹೇಳೋಕಾಗ್ತದಾ? ಇವ್ಳಿಗೆ ಒಂದ್ಸಲ ಆಗಿರೋದೇ ಸಾಕು. ಬ್ಯಾಡ ಬಿಡಿ ಅಂತ ರಾತ್ರಿನೇ ಹೇಳ್ದೆ ನಿಮ್ಮಪ್ಪಂಗೆ."

ಕೆಳಗಿನ ಕೆರೆಗಳ ಮೇಲೆ ಮಂಜು ಕರಗುತ್ತಿತ್ತು. ನನ್ನ ತಲೆಯಲ್ಲಿ ಲೆಕ್ಕಗಳೆಲ್ಲ ಅಳಿಸಿಹೋಗಿ ಒಂದೇ ಉಳಿಯಿತು: ಅಪ್ಪ ರಾತ್ರಿ ತಲೆ ತಗ್ಗಿಸಿ ಕೂತದ್ದು. ಅದಕ್ಕೆ ಕಾರಣ ನನ್ನ ಮುಷ್ಟಿ. ಆದರೆ ಬಾಯಿ ಬಿಡುವ ಮುಂಚೆ ಇನ್ನೊಂದು ಅನುಮಾನ ಎದ್ದು ನಿಂತಿತು. ತರಗತಿ ಬಿಟ್ಟ ನಾಲ್ವರಲ್ಲಿ ಒಬ್ಬಳು ಮದುವೆಯಿಂದ ಹೋದವಳಲ್ಲ. ಅವಳ ಮನೆಗೆ ಚಿಕ್ಕಮ್ಮ ಬಂದಿದ್ದಳು.

ಇಳಿಯುವಾಗ ಗಂಡಸರು ಮುಂದೆ ಹೋದರು. ಆಕೆ ನನ್ನ ಹಿಂದೆ ಇಳಿಯುತ್ತಿದ್ದಳು. ಕಂಬಿ ಮುಗಿದ ಕಡೆ ಆಕೆ ಮೆಲ್ಲಗೆ ಹೇಳಿದಳು: "ನಿನ್ನೆ ನಿನ್ ಲಂಗ ಒದ್ದೆಯಾಗಿತ್ತು."

ನಾನು ತಿರುಗದೆ ಹೇಳಿದೆ: "ನಿಮ್ಮ ಕೈ ಒಣಗಿತ್ತು."

ಆಕೆಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಮೆಟ್ಟಿಲ ಮೇಲೇ ಕೂತಳು.

"ಯಾಕೆ ಹೇಳ್ಲಿಲ್ಲ ಅಣ್ಣಂಗೆ?" ಎಂದು ಕೇಳಿದೆ.

"ಬ್ಯಾಡದ ಹುಡ್ಗೀಗೆ ಬಲವಂತ ಮಾಡಿ ಏನ್ ಬಂತು. ನಿಂಗೆ ನಾನು ಬ್ಯಾಡ ಅಂದ್ಕೊಂಡೆ."

"ನಿಮ್ಮನ್ನ ಅಲ್ಲ. ನಿಮ್ಮಣ್ಣನ್ನ."

ನಾನು ಎಣಿಸಿದ್ದನ್ನು ಹೇಳಿದೆ. ಆಕೆ ಇನ್ನೊಮ್ಮೆ ನಕ್ಕಳು, ಈ ಸಲ ಕಣ್ಣಲ್ಲಿ ನೀರು ಬರುವಷ್ಟು. "ನಮ್ಮತ್ತಿಗೆ ಕೇಳಿದ್ರೆ ನಿನ್ನ ಹುಡುಕ್ಕೊಂಡು ಬಂದು ಮುದ್ದಾಡ್ತಾಳೆ. ಆ ಹೊಟ್ಟೆಗೆ ಹೆಣ್ಣು ಬೇರೆ ಕೇಡು!"

"ನೀವ್ಯಾಕೆ ಸುಳ್ಳು ಹೇಳಿದ್ರಿ?"

ನಗು ನಿಂತಿತು. "ಮೊದ್ಲ ಮದ್ವೆ ಮುಂಚೆ ಇಲ್ಲಿಗೇ ಬಂದಿದ್ವಿ. ತೋಳು ಬಿಟ್ಟೆ, ನೀರು ತಾಗ್ಲಿಲ್ಲ. ವರ್ಷ ತುಂಬೋದ್ರೊಳಗೆ ಅವ್ರು ಹೋದ್ರು. ಅತ್ತೆ ದಿನಾ ಅದನ್ನೇ ಹೇಳೋಳು, ಬೆಟ್ಟದಲ್ಲೇ ಗೊತ್ತಾಗಿತ್ತು ಅಂತ. ಈ ಸಲ ನಾನು ಕೈ ಅರ್ಧಕ್ಕೇ ಹಿಡ್ಕೊಂಡೆ. ಕೇಳೋಕೇ ಹೋಗ್ಲಿಲ್ಲ."

ಆಕೆಯ ಮಾತು ನಿಜವಿರಬಹುದು ಎನ್ನಿಸಿತು. ಆದರೂ ಕೇಳಬೇಕಾದ್ದು ಉಳಿದಿತ್ತು.

"ನೀವು ಬಂದ್ಮೇಲೆ ನನ್ನ ಸ್ಕೂಲ್ ಬಿಡಿಸ್ತೀರಾ?"

"ಬಿಡ್ಸಲ್ಲ ಅಂದ್ರೆ ನಂಬ್ತೀಯಾ?"

"ಇಲ್ಲ."

"ಮತ್ಯಾಕೆ ಕೇಳ್ದೆ?"

ನಾನು ಚೀಲದ ಪಟ್ಟಿ ಎಳೆದು ಸರಿಮಾಡಿಕೊಂಡೆ.

"ನಂಬಬ್ಯಾಡ," ಎಂದಳು ಆಕೆ. "ನಿನ್ನೆಯಿಂದ ಏನೋ ಬರ್ಕೋತಾನೇ ಇದೀಯಲ್ಲ, ಅದ್ರಲ್ಲಿ ನನ್ ಮಾತೂ ಬರ್ಕೋ. ನಾನು ತಪ್ಪಿದ ದಿನ ತೋರ್ಸು. ನಂಗೆ ಓದೋಕೆ ಬರಲ್ಲ. ನೀನೇ ಓದಿ ಹೇಳ್ಬೇಕು, ನಿಮ್ಮಪ್ಪನ್ ಎದುರಿಗೆ."

ಒಳಕಲ್ಲಿನ ಹತ್ತಿರ ಗಂಡಸರು ನೆರಳಲ್ಲಿ ಕೂತಿದ್ದರು. "ನಾನು ಇನ್ನೊಂದ್ಸಲ ನೋಡ್ತೀನಿ," ಎಂದೆ. ಆತ ಸಂಶಯದಿಂದ ಅಪ್ಪನ ಮುಖ ನೋಡಿದ; ಆದರೂ ಒಳಗೆ ಬಂದ. ನಾನು ಬಗ್ಗಿ ತೋಳು ಇಳಿಬಿಟ್ಟೆ. ನೀರು ಇದ್ದಲ್ಲೇ ಇತ್ತು. ಅಂಗೈ ಗುಳಿ ಮಾಡಿ ಎಷ್ಟು ಸಾಧ್ಯವೋ ಅಷ್ಟು ತಂದೆ. ಎಲ್ಲರೂ ನೋಡುವಂತೆ ಕೈ ಎತ್ತಿದೆ. ಮೊಣಕೈವರೆಗೆ ಹನಿ ಇಳಿಯಿತು. ಅದೇ ಒದ್ದೆ ಕೈಯಲ್ಲಿ ಆಕೆಯ ಒಣ ಕೈ ಹಿಡಿದುಕೊಂಡೆ. ಆಕೆ ಬಿಡಿಸಿಕೊಳ್ಳಲಿಲ್ಲ.

"ನಿನ್ನೆ ಸಿಗದ ನೀರು ಇವತ್ತು ಹೆಂಗೆ ಸಿಕ್ತು?" ಎಂದ ಆತ. ಈಗ ಅನುಮಾನ ಪಡುವ ಸರದಿ ಅವನದು.

"ಬೆಳೆಯೋ ವಯಸ್ಸು," ಎಂದ ಅಪ್ಪ. "ರಾತ್ರಿ ಮಲಗಿದ್ದಾಗ ಕೈ ಒಂದಿಷ್ಟು ಬೆಳೆದಿರ್ಬೇಕು." ಅವನ ಮುಖದಲ್ಲಿ ನಗುವಿನ ಗುರುತೂ ಇರಲಿಲ್ಲ. ಅಪ್ಪನಿಗೆ ನಾಟಕ ಬರುವುದಿಲ್ಲ ಎಂದು ಮೇಲೆ ಬರೆದಿದ್ದೇನೆ. ಆ ಮಾತನ್ನು ಅಲ್ಲಿಂದ ಮುಂದಕ್ಕೆ ತಿದ್ದಿಕೊಳ್ಳಬೇಕು.

ಆತ ನನ್ನ ಕೈ, ಅಪ್ಪನ ಮುಖ, ತಂಗಿಯ ಮುಖ ಮೂರನ್ನೂ ನೋಡಿದ. "ನಮ್ಮವ್ವಂಗೆ ಸಿಕ್ತು ಅಂತ ಮಾತ್ರ ಹೇಳ್ತೀನಪ್ಪ. ಯಾವತ್ತು ಅಂತ ಅವ್ಳೇನ್ ಕೇಳಲ್ಲ," ಎಂದು ಎಲೆಯಡಿಕೆ ಚೀಲ ಬಿಚ್ಚಿದ.

ಫೆಬ್ರವರಿಯಲ್ಲಿ ಸದ್ದಿಲ್ಲದೆ ಸೀರೆ ಉಡಿಸಿ ಚಿಕ್ಕಮ್ಮನನ್ನು ಕರೆತಂದರು. ಹಸಿರು ರವಿಕೆಯ ತೋಳಿನಲ್ಲಿ ಕೋತಿಯ ಹಲ್ಲಿನ ಎರಡು ತೂತು ಇದ್ದವು; ಅಪ್ಪ ಅಲ್ಲಿ ಎರಡು ಚಿಕ್ಕ ಹೂವು ಹೊಲಿದಿದ್ದ. ನಾನು ಆಕೆ ಹೇಳಿದಂತೆಯೇ ಮಾಡಿದೆ. ಶಾಲೆಗೆ ಹೋದ ದಿನಕ್ಕೆ ಒಂದು ಗೀಟು. ಬೆಳಿಗ್ಗೆ ಆಕೆ ಸೌದೆ ತರಲು ಹೇಳಿದರೆ, ಇವತ್ತೇ ಇರಬಹುದು ಎಂದುಕೊಳ್ಳುತ್ತಿದ್ದೆ. ರಾಗಿ ಬೀಸಲು ಕೂತರೆ ಇವತ್ತೇ ಎಂದುಕೊಳ್ಳುತ್ತಿದ್ದೆ. ಗಂಟೆ ಹೊಡೆಯುವ ಹೊತ್ತಿಗೆ ಆಕೆಯೇ ಬೀಸುವ ಗೂಟ ಕಿತ್ತುಕೊಂಡು, "ಏಳಮ್ಮಾ ಸಾವ್ಕಾರ್ತಿ, ಹೊತ್ತಾಯ್ತು" ಎನ್ನುತ್ತಿದ್ದಳು. ಗೀಟುಗಳು ಮಾರ್ಚಿಯವರೆಗೆ ಬಂದವು. ನಡುವೆ ಎರಡು ದಿನ ಇಲ್ಲ. ಅದು ನನಗೆ ಜ್ವರ ಬಂದದ್ದು.

ಪರೀಕ್ಷೆಯ ಹಿಂದಿನ ವಾರ ಅಪ್ಪ ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿ, ಎಂದೂ ಇಲ್ಲದೆ ಟೇಪು ಹಿಡಿದ. ಭುಜದಿಂದ ಬೆರಳ ತುದಿಯವರೆಗೆ ಅಳೆದ. ದೀಪಾವಳಿಯ ಲಂಗದ ರವಿಕೆಯನ್ನು ಪಕ್ಕದಲ್ಲಿಟ್ಟು ಮತ್ತೊಮ್ಮೆ ನೋಡಿದ.

"ವಿಚಿತ್ರ," ಎಂದ. "ಬೆಟ್ಟದ ಮೇಲೆ ಬೆಳೆದಿದ್ದ ಕೈ ಕೆಳಗೆ ಬಂದ್ಮೇಲೆ ಮೊದಲಿನಷ್ಟೇ ಆಗಿದೆ."

ಕತ್ತರಿ ಹುಡುಕುವ ನೆವದಲ್ಲಿ ನಾನು ಮೇಜಿನ ಕೆಳಗೆ ಬಗ್ಗಿದೆ. ಒಳಗಿನಿಂದ ಚಿಕ್ಕಮ್ಮ ನಕ್ಕದ್ದು ಕೇಳಿಸಿತು.